ಸ್ಟೂಡೆಂಟ್ ವೀಸಾದಲ್ಲಿ ಸ್ಕಾಟ್ಲೆಂಡ್‌ಗೆ ಹೋಗಿ, ಅಲ್ಲೇ ಒಂದು ಫುಟ್‌ಬಾಲ್ ಕ್ಲಬ್ ಸೇರಿ, ಆಮೇಲೆ ವರ್ಕ್ ಪರ್ಮಿಟ್ ಮಾಡಿಸಿಕೊಳ್ಳಬಹುದಾ?

ಹೋಗಬೇಡಿ. ಓದೋದಕ್ಕೆ ಅಂತ ಹೋಗೋದಾದರೆ ಸಂತೋಷ, ಹೋಗಿ ಬನ್ನಿ. ಫುಟ್‌ಬಾಲ್‌ಗೆ ಅಂತ ಈ ದಾರಿ ಹಿಡಿಯಬೇಡಿ. ನಿಮ್ಮ ಏಜೆಂಟ್ "ಮೊದಲು ಒಳಗೆ ಹೋಗಿ, ಪರ್ಮಿಟ್ ಆಮೇಲೆ ನೋಡೋಣ" ಅಂದ, ಹಾಗೆ ಸುಮ್ನೆ ಹೋಗಿ ಸೇರಿಕೊಂಡ ಒಬ್ಬ ಹುಡುಗನ ಕಥೆಯನ್ನೂ ಹೇಳಿದ, "ಪರ್ಮಿಟ್ ಖರ್ಚು" ಅಂತ ದುಡ್ಡೂ ಕೇಳಿದ ಅಂತ ಬರೆದಿದ್ದೀರಿ. ನನಗೆ ಇದನ್ನು ಹೇಳೋಕೆ ಏಜೆಂಟೇ ಬೇಕಾಗಲಿಲ್ಲ, ನಾನೇ ಹೇಳಿಕೊಂಡಿದ್ದೆ.

ನಾನು ಬೆಂಗಳೂರಿನ ಸ್ಥಳೀಯ ಫುಟ್‌ಬಾಲ್ ಲೀಗ್ ಆದ ಸೂಪರ್ ಡಿವಿಷನ್‌ನಲ್ಲಿ ರೈಟ್ ಬ್ಯಾಕ್ ಆಡುತ್ತಿದ್ದವನು. ಒಂದು ಸೀಸನ್ ರಾಜ್ಯ ತಂಡದ ಜೆರ್ಸಿಯೂ ಸಿಕ್ಕಿತ್ತು. ಅದರ ಮರುವರ್ಷ, 2022ರಲ್ಲಿ, ಗ್ಲಾಸ್ಗೋದಲ್ಲಿ ಎಂಎಸ್‌ಸಿ ಸೀಟು ಸಿಕ್ಕಿತು. ಅಪ್ಪ ಫೀಸಿಗೆ ಸಾಲ ಮಾಡಿದರು. ನಾನು ಸೂಟ್‌ಕೇಸ್‌ಗೆ ಮೊದಲು ಹಾಕಿದ್ದು ಬೂಟು.

ಅಲ್ಲಿ ಫೈವ್ ಎ ಸೈಡ್ ಆಡುವಾಗ ಒಬ್ಬ ಗೋವಾ ಹುಡುಗ ಪರಿಚಯವಾದ. ಊರಾಚೆಯ ಒಂದು ಸಣ್ಣ ಕ್ಲಬ್‌ಗೆ ಆಡುತ್ತಿದ್ದ. ವಾರಕ್ಕೆ ಎರಡು ಸಂಜೆ ಟ್ರೇನಿಂಗ್, ಶನಿವಾರ ಮ್ಯಾಚ್. ಅವನ ಜೊತೆ ನಾನೂ ಹೋದೆ. ಜಿಟಿಜಿಟಿ ಮಳೆ, ಪಾದ ಮುಳುಗುವ ಕೆಸರು, ಟಚ್‌ಲೈನ್‌ನಲ್ಲಿ ನಿಂತು ಬಾಯಿಗೆ ಬಂದಂತೆ ಬೈಯುವ ಮುದುಕರು. ನಮ್ಮ ಬೆಂಗಳೂರಿನ ಅಶೋಕನಗರದ ಟರ್ಫ್ ಮೇಲೆ ಕಲಿತ ಆಟ ಅಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬರಲಿಲ್ಲ. ಆದರೂ ಕೋಚ್‌ಗೆ ನಾನು ಓಡೋದು ಇಷ್ಟವಾಯಿತು. ಚೆನ್ನಾಗಿ ಆಡಿದರೆ ಮೇಲಿನ ಕ್ಲಬ್‌ನವರ ಕಣ್ಣಿಗೆ ಬೀಳ್ತೀಯ, ಅವರು ಪರ್ಮಿಟ್ ನೋಡಿಕೊಳ್ತಾರೆ ಅಂದರು.

ಈಗ ನಾನು ಎಡವಿದ ಜಾಗಕ್ಕೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ನೀವು ಎಡವಲಿರುವುದೂ ಇಲ್ಲೇ.

ಕ್ಲಬ್ ಸೆಕ್ರೆಟರಿ, ರಿಟೈರಾದ ಹಿರಿಯರು, ವೀಸಾ ತೋರಿಸು ಅಂದರು. ಆಗ ನಮಗೆಲ್ಲ ಪ್ಲಾಸ್ಟಿಕ್ ಕಾರ್ಡ್ ಕೊಡುತ್ತಿದ್ದರು. ಅದರಲ್ಲಿ ಇದ್ದದ್ದು ಇಷ್ಟೇ: ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಅವರು ಕನ್ನಡಕ ಏರಿಸಿ ಓದಿದರು. ಎರಡು ಟ್ರೇನಿಂಗ್, ಒಂದು ಮ್ಯಾಚ್, ಎಷ್ಟಾದರೂ 20 ಗಂಟೆ ದಾಟಲ್ಲ ಅಂತ ಲೆಕ್ಕ ಹಾಕಿದರು. ನಾನೂ ಅದೇ ಲೆಕ್ಕ ಹಾಕಿದ್ದೆ. ಸಂಬಳ ಇರಲಿಲ್ಲ, ಪೆಟ್ರೋಲ್ ಖರ್ಚು ಅಂತ ಕೈಗೆ ಒಂದಿಷ್ಟು ಪೌಂಡ್ ಅಷ್ಟೇ. ಅದನ್ನು ಕೆಲಸ ಅಂತ ಯಾರು ಕರೀತಾರೆ ಅಂದುಕೊಂಡೆ. ಗೋವಾದವನೂ ನಾಲ್ಕು ವರ್ಷದಿಂದ ಹಾಗೇ ಆಡುತ್ತಿದ್ದಾನಲ್ವಾ, ಅವನಿಗಿಲ್ಲದ ತೊಂದರೆ ನನಗೇನು?

ಅವನ ಹತ್ತಿರ ಇದ್ದದ್ದು ಪೋರ್ಚುಗೀಸ್ ಪಾಸ್‌ಪೋರ್ಟ್. 2020ರ ಕೊನೆಗೆ ಮುಂಚೆಯೇ ಬ್ರಿಟನ್‌ನಲ್ಲಿ ನೆಲೆಸಿದ್ದರಿಂದ ವೀಸಾ ಇಲ್ಲದೆ ಅಲ್ಲಿದ್ದು ದುಡಿಯುವ ಅವನ ಹಕ್ಕು ಹಾಗೇ ಉಳಿದಿತ್ತು. ಬ್ರೆಕ್ಸಿಟ್ ಆದಮೇಲೆ, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಮೇಲೆ, 2021ರ ಜನವರಿಯಿಂದ ಹೊಸದಾಗಿ ಬರುವ ಪೋರ್ಚುಗಲ್‌ನವರಿಗೂ ಸ್ಪೇನ್‌ನವರಿಗೂ ನಮ್ಮಂತೆಯೇ ವೀಸಾ ಬೇಕು. ಐರ್ಲೆಂಡಿನವರಿಗೆ ಮಾತ್ರ ಬೇಡ. ನಿಮ್ಮ ಏಜೆಂಟ್ ಹೇಳುವ "ಸುಮ್ನೆ ಹೋಗಿ ಸೇರಿಕೊಂಡ ಹುಡುಗ" ಯಾವ ಪಾಸ್‌ಪೋರ್ಟಿನವನು, ಯಾವ ವರ್ಷ ಹೋದವನು ಅಂತ ಒಮ್ಮೆ ಕೇಳಿ ನೋಡಿ.

ನಾನು ಓದದೇ ಬಿಟ್ಟದ್ದು ಕಾರ್ಡ್ ಜೊತೆ ಬಂದ ಪತ್ರವನ್ನು. ಮೇಲ್‌ನಲ್ಲಿ ಬಂದಿತ್ತು. "ವೀಸಾ ಮಂಜೂರಾಗಿದೆ" ಅನ್ನೋ ಸಾಲು ನೋಡಿ, ಅಮ್ಮನಿಗೆ ಫೋನ್ ಮಾಡಿ, ಮುಚ್ಚಿಬಿಟ್ಟೆ. ಕೆಳಗೆ ಷರತ್ತುಗಳ ಪಟ್ಟಿ ಇತ್ತು. ಕ್ಲಬ್‌ನವರು ಖುಷಿಯಿಂದ ಫೇಸ್‌ಬುಕ್‌ನಲ್ಲಿ "ಭಾರತದಿಂದ ನಮ್ಮ ಹೊಸ ಆಟಗಾರ" ಅಂತ ನನ್ನ ಫೋಟೊ ಹಾಕಿದ ಮೇಲೆ ವಿಶ್ವವಿದ್ಯಾಲಯದ ವೀಸಾ ವಿಭಾಗದಿಂದ ಕರೆ ಬಂತು. ಅಲ್ಲಿದ್ದ ಮೇಡಂ ಬಹಳ ಮೆತ್ತಗೆ ಮಾತಾಡಿದರು. ಅದೇ ಪತ್ರವನ್ನು ಪ್ರಿಂಟ್ ತೆಗೆದು ಇಟ್ಟಿದ್ದರು. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ವೃತ್ತಿಪರ ಕ್ರೀಡಾಪಟುವಾಗಿ, ಕೋಚ್ ಆಗಿ ಕೂಡ, ಕೆಲಸ ಮಾಡುವಂತಿಲ್ಲ.

ನಾನು ವೃತ್ತಿಪರ ಅಲ್ಲ ಮೇಡಂ, ದುಡ್ಡೇ ಕೊಡಲ್ಲ ಅಂದೆ. ಅವರು ಇನ್ನೊಂದು ಹಾಳೆ ತಿರುಗಿಸಿದರು. ಬ್ರಿಟನ್‌ನ ವಲಸೆ ನಿಯಮದ ಪ್ರಕಾರ ಸೆಮಿ ಪ್ರೊಫೆಷನಲ್ ಮಟ್ಟದಲ್ಲಿ ಆಡಿದರೂ ನೀವು ವೃತ್ತಿಪರರೇ. ದುಡ್ಡು ತಗೊಂಡರೂ ಸರಿ, ತಗೊಳ್ಳದಿದ್ದರೂ ಸರಿ. ಹಿಂದಿನ ಎರಡು ವರ್ಷದಲ್ಲಿ ದೇಶಕ್ಕೆ ಆಡಿದ್ದರೆ, ಅಷ್ಟೇ ಏಕೆ ರಾಜ್ಯ ತಂಡಕ್ಕೆ ಆಡಿದ್ದರೂ, ಆ ಪಟ್ಟಿಗೆ ಸೇರುತ್ತೀರಿ. ಅವಕಾಶ ಹುಡುಕಿಕೊಡಲು ಏಜೆಂಟ್ ಇಟ್ಟುಕೊಂಡಿದ್ದರೂ ಸೇರುತ್ತೀರಿ. ಈ ಕೊನೆಯದನ್ನು ನೀವು ಇನ್ನೊಂದು ಸಲ ಓದಿ. ಊರಲ್ಲಿ ಹೆಮ್ಮೆಯಿಂದ ಫ್ರೇಮ್ ಹಾಕಿಸಿದ್ದ ರಾಜ್ಯ ತಂಡದ ಫೋಟೊ ಅಲ್ಲಿ ನನ್ನ ವಿರುದ್ಧದ ಸಾಕ್ಷಿ!

ಅವತ್ತೇ ಆಟ ನಿಲ್ಲಿಸಿದೆ. ಹೊರಗೆ ಹಾಕಲಿಲ್ಲ, ಎಂಎಸ್‌ಸಿ ಮುಗಿಯಿತು. ಆದರೆ ಷರತ್ತು ಮುರಿದದ್ದು ಮುಂದಿನ ಅರ್ಜಿಗಳಲ್ಲಿ ಪ್ರಶ್ನೆಯಾಗಬಹುದು ಅಂತ ವಕೀಲರು ಹೇಳಿದರು. ಓದು ಮುಗಿಸಿದವರು ಅಲ್ಲೇ ಉಳಿದು ಕೆಲಸ ಮಾಡಲು ಕೊಡುವ ಗ್ರಾಜುಯೇಟ್ ವೀಸಾಗೆ ಅರ್ಜಿ ಹಾಕುವ ಧೈರ್ಯ ಬರಲಿಲ್ಲ. ಜೊತೆಯವರೆಲ್ಲ ಅಲ್ಲೇ ಕೆಲಸ ಹಿಡಿದರು. ನಾನು ಸಾಲದ ಕಂತಿನ ಜೊತೆ ವಾಪಸ್ ಬಂದೆ. ಗ್ರಾಜುಯೇಟ್ ವೀಸಾ ಸಿಕ್ಕಿದ್ದರೂ ಅದರಲ್ಲೂ ವೃತ್ತಿಪರವಾಗಿ ಆಡುವಂತಿಲ್ಲ. ಗಂಡ ಅಥವಾ ಹೆಂಡತಿಯ ಜೊತೆ ಹೋಗುವ ಡಿಪೆಂಡೆಂಟ್ ವೀಸಾದಲ್ಲೂ ಇಲ್ಲ. ಕೋರ್ಸ್ ಮುಗಿಯುವ ಮುಂಚೆ ಕೆಲಸದ ವೀಸಾಗೆ ಬದಲಾಯಿಸಿಕೊಳ್ಳುವ ದಾರಿಯನ್ನೂ 2023ರ ಜುಲೈನಲ್ಲಿ ಮುಚ್ಚಿದರು. ನಿಮ್ಮ ಏಜೆಂಟಿನ ಪ್ಲಾನ್ ಇಲ್ಲಿಗೇ ಸತ್ತಿತು.

ಈಗ ನೀವು ಕೇಳಿದ ವರ್ಕ್ ಪರ್ಮಿಟ್. ಹಾಗಂತ ಆಟಗಾರ ಹೋಗಿ ಮಾಡಿಸಿಕೊಳ್ಳುವ ಕಾಗದವೇ ಇಲ್ಲ. ಮೊದಲು ಕ್ಲಬ್ ಹತ್ತಿರ ಸರ್ಕಾರದ ಸ್ಪಾನ್ಸರ್ ಲೈಸೆನ್ಸ್ ಇರಬೇಕು. ಆ ಕ್ಲಬ್ ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆಗೆ ಅರ್ಜಿ ಹಾಕಿ, ಈ ಆಟಗಾರ ಆ ಮಟ್ಟದವನು ಅಂತ ಎಂಡೋರ್ಸ್‌ಮೆಂಟ್ ತರಬೇಕು. ಆಮೇಲೆ ಕ್ಲಬ್ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಹಿಡಿದು ನೀವು ಇಂಟರ್‌ನ್ಯಾಷನಲ್ ಸ್ಪೋರ್ಟ್ಸ್‌ಪರ್ಸನ್ ವೀಸಾಗೆ ಅರ್ಜಿ ಹಾಕೋದು. ಟಿಬಿ ಟೆಸ್ಟು, ಇಂಗ್ಲಿಷ್ ಟೆಸ್ಟು ಎಲ್ಲ ಕೊನೆಯಲ್ಲಿ ಬರುವ ಚಿಲ್ಲರೆ ಕೆಲಸ.

ಕಷ್ಟ ಇರೋದು ಎಂಡೋರ್ಸ್‌ಮೆಂಟ್‌ನಲ್ಲಿ. ಅದು ಅಂಕಗಳ ಲೆಕ್ಕ. ದೇಶದ ತಂಡಕ್ಕೆ ಎಷ್ಟು ಆಡಿದ್ದೀರಿ, ಆ ದೇಶದ ಫಿಫಾ ರ‍್ಯಾಂಕಿಂಗ್ ಎಷ್ಟು, ನಿಮ್ಮ ಲೀಗ್ ಯಾವ ದರ್ಜೆಯದು, ಅದರಲ್ಲಿ ಎಷ್ಟು ನಿಮಿಷ ಮೈದಾನದಲ್ಲಿದ್ದಿರಿ, ಖಂಡದ ಟೂರ್ನಿಗಳಲ್ಲಿ ಆಡಿದ್ದೀರಾ ಅಂತ ನೋಡುತ್ತಾರೆ. ಗ್ಲಾಸ್ಗೋದ ದೊಡ್ಡ ಕ್ಲಬ್ ಸೆಲ್ಟಿಕ್ 2021ರಲ್ಲಿ ಕ್ಯೋಗೊ ಫುರುಹಾಶಿಯನ್ನು, ಮುಂದಿನ ಜನವರಿಯಲ್ಲಿ ಮಾಯೆದಾ, ಹತಾತೆ, ಇದೆಗುಚಿ ಮೂವರನ್ನೂ ಜಪಾನ್‌ನಿಂದ ತಂದಿತು. ಬಂದಾಗ ಹತಾತೆ ಜಪಾನ್ ಹಿರಿಯರ ತಂಡಕ್ಕೆ ಒಂದೂ ಮ್ಯಾಚ್ ಆಡಿರಲಿಲ್ಲ. ಆದರೆ ಜಪಾನ್‌ನ ಜೆ ಲೀಗ್ ಗೆದ್ದ ಕವಾಸಾಕಿ ತಂಡದಲ್ಲಿ ಖಾಯಂ ಆಟಗಾರ. ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಈ ಲೆಕ್ಕದಲ್ಲಿ ತಳದ ಸಾಲಿನಲ್ಲಿದೆ. ಸೂಪರ್ ಡಿವಿಷನ್ ಅಂತೂ ಕೇಳೋದೇ ಬೇಡ.

ಸುನಿಲ್ ಛೆಟ್ರಿಗೇ ಆಗಲಿಲ್ಲ ಸ್ವಾಮಿ. ಬೆಂಗಳೂರು ಎಫ್‌ಸಿಗೆ ಬರುವ ಎಷ್ಟೋ ಮುಂಚೆ, 2009ರಲ್ಲಿ, ಲಂಡನ್‌ನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರ ಜೊತೆ ಒಪ್ಪಂದ ಮಾಡಿಕೊಂಡಿತ್ತು. ದೇಶ ಫಿಫಾ ಪಟ್ಟಿಯ ಮೊದಲ 70ರೊಳಗೆ ಇಲ್ಲ ಅಂತ ಪರ್ಮಿಟ್ ಸಿಗಲಿಲ್ಲ. ಸ್ಕಾಟ್ಲೆಂಡ್‌ಗೆ ನಮ್ಮಿಂದ ಸರಿಯಾಗಿ ಹೋದವರು ಅಂದರೆ ಮಣಿಪುರದ ಬಾಲಾ ದೇವಿ. ಗ್ಲಾಸ್ಗೋದ ರೇಂಜರ್ಸ್‌ಗೂ ಬೆಂಗಳೂರು ಎಫ್‌ಸಿಗೂ ಒಡಂಬಡಿಕೆ ಇತ್ತು. 2019ರ ನವೆಂಬರ್‌ನಲ್ಲಿ ಟ್ರಯಲ್ ಕೊಟ್ಟರು, 2020ರ ಜನವರಿಯಲ್ಲಿ ಸಹಿ ಮಾಡಿದರು. ಭಾರತದ ಮಹಿಳಾ ತಂಡದ ರ‍್ಯಾಂಕಿಂಗ್ ಆಗ ಐವತ್ತರ ಆಸುಪಾಸಿನಲ್ಲಿತ್ತು, ಗಂಡಸರದ್ದು ನೂರರ ಆಚೆ. ಮೊದಲು ಟ್ರಯಲ್, ಆಮೇಲೆ ಸಹಿ, ಕಾಗದವೆಲ್ಲ ಕ್ಲಬ್ಬಿನದು. ಕ್ರಮ ಅಂದರೆ ಇದು. 1936ರಲ್ಲಿ ಕೋಲ್ಕತ್ತದ ಮೊಹಮ್ಮದ್ ಸಲೀಂ ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬರಿಗಾಲಲ್ಲೇ ಸೆಲ್ಟಿಕ್‌ನ ಮೀಸಲು ತಂಡಕ್ಕೆ ಎರಡು ಮ್ಯಾಚ್ ಆಡಿದ್ದರು. ಅವರು ಬ್ರಿಟಿಷ್ ಪ್ರಜೆ, ಪರ್ಮಿಟ್ ಮಾತೇ ಇರಲಿಲ್ಲ. ಗುಲಾಮರಾಗಿದ್ದಾಗ ಇದ್ದ ಒಂದೇ ಸೌಲಭ್ಯ ಅದು ಅಂತ ನಾನು ಗೆಳೆಯರ ಹತ್ತಿರ ತಮಾಷೆ ಮಾಡ್ತಿರ್ತೀನಿ.

ನಿಮ್ಮ ಏಜೆಂಟ್ ಹೇಳುವ ಕ್ಲಬ್ಬಿನವರಿಗೆ ನಿಜವಾಗಿ ನೀವು ಬೇಕಿದ್ದರೆ ಟ್ರಯಲ್‌ಗೆ ಕರೆಯಲಿ. ಟಿಕೆಟ್ ಕೊಂಡು ಬಂದ ಪ್ರೇಕ್ಷಕರ ಮುಂದೆ ಆಡದ ಟ್ರಯಲ್‌ಗೆ ವಿಸಿಟರ್ ವೀಸಾದಲ್ಲೇ ಹೋಗಬಹುದು. ಅದಕ್ಕೂ ಮುಂಚೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಬ್ರಿಟನ್ ಸರ್ಕಾರ ಸ್ಪಾನ್ಸರ್ ಲೈಸೆನ್ಸ್ ಇರುವವರ ಪಟ್ಟಿಯನ್ನು ತನ್ನ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಹಾಕಿದೆ. ಡೌನ್‌ಲೋಡ್ ಮಾಡಿ ಕ್ಲಬ್ಬಿನ ಹೆಸರು ಹುಡುಕಿ. ಇಲ್ಲದಿದ್ದರೆ ಮುಂದೆ ಮಾತೇ ಬೇಡ. ಏಜೆಂಟಿನ ಹೆಸರನ್ನು ಫಿಫಾದ ಲೈಸೆನ್ಸ್ ಪಟ್ಟಿಯಲ್ಲೂ ನೋಡಿ.

ಓದೋದಕ್ಕೇ ಹೋಗ್ತೀನಿ ಅಂದರೆ ಕಾಲೇಜು ತಂಡದಲ್ಲಿ ಆಡಿ, ಅಲ್ಲಿಯ ವಿಶ್ವವಿದ್ಯಾಲಯಗಳ ಲೀಗ್ ಚೆನ್ನಾಗಿದೆ. ನೀವೂ ಇತ್ತೀಚೆಗೆ ರಾಜ್ಯಕ್ಕೆ ಆಡಿದ್ದರೆ ಅದಕ್ಕೂ ಮುಂಚೆ ವೀಸಾ ವಿಭಾಗದಲ್ಲಿ ಲಿಖಿತವಾಗಿ ಕೇಳಿ, ಉತ್ತರ ಬರೋವರೆಗೆ ಬೂಟು ಕಟ್ಟಬೇಡಿ. "ಪರ್ಮಿಟ್ ಖರ್ಚು" ಅಂತ ಏಜೆಂಟ್ ಕೇಳಿದ ದುಡ್ಡು ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ. ಎಂಡೋರ್ಸ್‌ಮೆಂಟ್ ಅರ್ಜಿ ಹಾಕೋದು ಕ್ಲಬ್, ಅವನಲ್ಲ.