ಸಂಪಾದಕರ ಉತ್ತರ: ಮೇಸ್ತ್ರಿಗೆ ಗೊತ್ತಿಲ್ಲದ್ದು ಏನಿದೆ?

ಬ್ರಹ್ಮಾವರ ಕಡೆಯ ಓದುಗರೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ಅವರ ಮಗಳು ಪಿಯುಸಿ ಮುಗಿಸಿ, ಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕ್ ಪಡೆದೂ ಸಿವಿಲ್ ಎಂಜಿನಿಯರಿಂಗೇ ಬೇಕೆಂದು ಪಟ್ಟು ಹಿಡಿದಿದ್ದಾಳೆ. ನೆಂಟರೆಲ್ಲ ಕಂಪ್ಯೂಟರ್ ಸೈನ್ಸ್ ಎನ್ನುತ್ತಿದ್ದಾರೆ. ಪಠ್ಯಕ್ರಮ ತರಿಸಿ ನೋಡಿದರೆ ಅದರಲ್ಲಿ ಗಣಿತ, ರಸಾಯನಶಾಸ್ತ್ರ, ಭೂವಿಜ್ಞಾನ, ಜಲವಿಜ್ಞಾನ ಎಲ್ಲವೂ ಇದೆಯಂತೆ. “ನಮ್ಮ ಮನೆ ಕಟ್ಟಿದ ಮೇಸ್ತ್ರಿ ಏಳನೇ ಕ್ಲಾಸೂ ದಾಟಿದವರಲ್ಲ, ಮನೆಗೆ ಇದುವರೆಗೆ ಒಂದು ಬಿರುಕೂ ಬಿದ್ದಿಲ್ಲ. ಹಾಗಿದ್ದ ಮೇಲೆ ನಾಲ್ಕು ವರ್ಷ ಕಲಿಯುವಂಥದ್ದು ಅದರಲ್ಲಿ ಏನಿದೆ?” ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಮೊದಲು ನಿಮ್ಮ ಮೇಸ್ತ್ರಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುವ, ಮುರಕಲ್ಲನ್ನು, ಅಂದರೆ ಕೆಂಪುಕಲ್ಲನ್ನು, ಬಡಿದು ಅದರ ಸದ್ದಿನಿಂದಲೇ ಗುಣ ಹೇಳುವ ಕೈಗಳು ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡೂ ಜಿಲ್ಲೆಗಳ ಮನೆಗಳನ್ನು ಕಟ್ಟಿವೆ. ಎಂಜಿನಿಯರಿಂಗ್ ಕಾಲೇಜುಗಳು ಅಂಥವರನ್ನು ಒಂದು ದಿನವೂ ತರಗತಿಗೆ ಕರೆಸುವುದಿಲ್ಲ ಎಂಬ ದೂರು ನನಗೂ ಇದೆ. ಆದರೆ ನಿಮ್ಮೊಂದಿಗೆ ನನ್ನ ಸಹಮತ ಇಲ್ಲಿಗೆ ಮುಗಿಯಿತು.

ನಿಮ್ಮ ಮಗಳು ಮೊದಲ ವರ್ಷ ಗಣಿತ, ವಿಜ್ಞಾನ, ಮೆಕ್ಯಾನಿಕ್ಸ್ ಓದುತ್ತಾಳೆ. ಆಮೇಲೆ ತೊಲೆ, ಕಂಬಗಳು ಭಾರಕ್ಕೆ ಹೇಗೆ ಬಾಗುತ್ತವೆ ಎಂಬ ಲೆಕ್ಕ, ಸರ್ವೆ, ಆರ್‌ಸಿಸಿ ಮತ್ತು ಉಕ್ಕಿನ ವಿನ್ಯಾಸ, ಹೆದ್ದಾರಿ, ನೀರು ಸರಬರಾಜು, ಒಳಚರಂಡಿ, ಕೊನೆಗೆ ಎಸ್ಟಿಮೇಟ್. ಇವುಗಳ ಉಪಯೋಗವನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮಗೆ ದಂಡವೆಂದು ಕಂಡ ವಿಷಯಗಳ ಬಗ್ಗೆಯೇ ನನಗೆ ಹೇಳುವುದಿದೆ.

ರಸಾಯನಶಾಸ್ತ್ರ ಯಾಕೆ ಎಂದು ಕೇಳಿದ್ದೀರಿ. ಕಡಲ ಬದಿಯ ಮಲ್ಪೆಯ ಕಡೆ ಹೋದಾಗ ಹಳೆಯ ಕಟ್ಟಡಗಳ ಸನ್‌ಶೇಡ್‌ಗಳನ್ನು ಒಮ್ಮೆ ಕೆಳಗಿನಿಂದ ನೋಡಿ. ಕಾಂಕ್ರೀಟು ಸಿಪ್ಪೆಯೆದ್ದು, ಒಳಗಿನ ಕಬ್ಬಿಣ ಕೆಂಪಾಗಿ ಹೊರಗೆ ಬಂದಿರುತ್ತದೆ. ಉಪ್ಪುಗಾಳಿಯ ಕ್ಲೋರೈಡ್ ಒಳಗಿಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕಾಗುವುದರಿಂದ ಅದು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಇದಕ್ಕಾಗಿಯೇ ಕಾಂಕ್ರೀಟ್ ಕೆಲಸಕ್ಕೆ ದೇಶದ ಮಾನದಂಡವಾದ ಐಎಸ್ 456 ಎಂಬ ಸಂಹಿತೆಯು, ಒಳನಾಡಿನ ಸೌಮ್ಯ ಹವೆಯಲ್ಲಿ ಸರಳಿನ ಮೇಲೆ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ (ಕವರ್) ಸಾಕೆಂದರೂ, ಕರಾವಳಿಯ ಹವೆಗೆ ಒಡ್ಡಿಕೊಂಡ ಕಾಂಕ್ರೀಟಿಗೆ 45 ಮಿಲಿಮೀಟರ್ ಬೇಕೆನ್ನುತ್ತದೆ. ಕಾಂಕ್ರೀಟಿನ ಬಲ ಎಂ30 ಎಂಬ ದರ್ಜೆಗಿಂತ ಕಡಿಮೆ ಇರಕೂಡದು, ನೀರು ಸಿಮೆಂಟಿನ ತೂಕದ 0.45 ಪಾಲನ್ನು ಮೀರಕೂಡದು ಎಂದೂ ಹೇಳುತ್ತದೆ. ಸ್ಲ್ಯಾಬ್ ಹಾಕುವ ದಿನ ಮಾಲು ಸರಾಗವಾಗಿ ಹರಿಯುತ್ತಿಲ್ಲವೆಂದು ಇನ್ನೊಂದು ಕೊಡಪಾನ ನೀರು ಸುರಿಯುವುದನ್ನು ನೀವೂ ನೋಡಿರುತ್ತೀರಿ. ಆ ಕೊಡಪಾನ ಕಾಂಕ್ರೀಟಿನ ಬಲವನ್ನು ಎಷ್ಟು ಕುಗ್ಗಿಸುತ್ತದೆ ಎಂಬುದು 150 ಮಿಲಿಮೀಟರಿನ ಕಾಂಕ್ರೀಟ್ ಘನವನ್ನು 28 ದಿನ ನೀರಿನಲ್ಲಿಟ್ಟು ಯಂತ್ರದಲ್ಲಿ ಒಡೆದು ನೋಡಿದ ವಿದ್ಯಾರ್ಥಿಗೆ ಗೊತ್ತು.

ಇನ್ನು ಭೂವಿಜ್ಞಾನ ಮತ್ತು ಮಣ್ಣು. ಇದು ನನ್ನ ಹಳೆಯ ಹುಚ್ಚು ಎಂದು ಈ ಪತ್ರಿಕೆಯ ಓದುಗರು ಬಲ್ಲರು. ನಾವು ಕೂತಿರುವ ನೆಲ ಮುರಕಲ್ಲಿನದು. ಸ್ಕಾಟ್ಲೆಂಡಿನ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡು, 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ ಕಲ್ಲು ಇದೇ. ಮೇಲಿನ ಈ ಗಟ್ಟಿ ಹೊದಿಕೆಯನ್ನು ಕಂಡು ನಾವು ಧೈರ್ಯದಿಂದ ಇರುತ್ತೇವೆ. ಆದರೆ ಅನೇಕ ಕಡೆ ಅದರ ಅಡಿಯಲ್ಲಿ ಬಿಳಿ, ಗುಲಾಬಿ, ಹಳದಿ ಬಣ್ಣದ ಶೇಡಿ ಮಣ್ಣು ಇದೆ. ಒಣಗಿದ್ದಾಗ ಅದು ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಮಣಿಪಾಲದ ಇಳಿಜಾರಿನಲ್ಲಿ ಮನೆ ಕಟ್ಟಿದ ನನ್ನ ಪರಿಚಯದವರೊಬ್ಬರು ಅಡುಗೆಮನೆಯ ಬಾಗಿಲಿಗಾಗಿ ವಾಸ್ತು ಪಂಡಿತರನ್ನು ಎರಡು ಸಲ ಕರೆಸಿದ್ದರು. ಮಣ್ಣು ಪರೀಕ್ಷೆಯ ಮಾತು ಬಂದಾಗ, ಅದೆಲ್ಲ ಫ್ಲ್ಯಾಟ್ ಕಟ್ಟುವವರಿಗೆ ಎಂದಿದ್ದರು. ಮುಂದಿನ ಆಷಾಢದಲ್ಲಿ ಹಿತ್ತಿಲಿನ ತಡೆಗೋಡೆ ವಾಲಿತು. ನೋಡಲು ಬಂದ ಎಂಜಿನಿಯರ್ ಹುಡುಗಿ ಹೆಚ್ಚು ಮಾತಾಡಲಿಲ್ಲ. ಗೋಡೆಯ ಹಿಂದಿನ ಒಂದು ಹೆಂಟೆ ಒಣಮಣ್ಣನ್ನು ಗಾಜಿನ ಲೋಟದ ನೀರಿಗೆ ಬಿಟ್ಟಳು. ನಾವು ಚಹಾ ಮುಗಿಸುವಷ್ಟರಲ್ಲಿ ಹೆಂಟೆ ಇರಲಿಲ್ಲ, ಲೋಟದಲ್ಲಿ ಬಿಳಿ ಕದಡು ಮಾತ್ರ ಇತ್ತು. ಗೋಡೆಯ ಹಿಂದಿನ ನೀರು ಹೊರಬರಲು ಒಂದು ತೂತನ್ನೂ ಬಿಟ್ಟಿರಲಿಲ್ಲ ಎಂಬುದನ್ನು ಆಮೇಲೆ ಹೇಳಿದಳು.

ಮಂಗಳೂರಿನಲ್ಲಿ ಬಹುಮಹಡಿ ಕಟ್ಟಡದ ಕೆಲಸ ಶುರುವಾಗುವ ಮೊದಲು ಠಣ್ ಠಣ್ ಎಂಬ ಸದ್ದು ಕೇಳಿಸುತ್ತದಲ್ಲ, ಅದು 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ, ಕೊಳವೆಯೊಂದು ನೆಲದೊಳಗೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುವ ಪರೀಕ್ಷೆ. ಪೆಟ್ಟು ಕಡಿಮೆಯಾದಷ್ಟೂ ನೆಲ ಸಡಿಲ. ನಿಮ್ಮ ಮೇಸ್ತ್ರಿಯವರು ಕೆಂಪುಕಲ್ಲಿನ ಗಟ್ಟಿ ನೆಲದ ಮೇಲೆ ಕಟ್ಟಿದ್ದರೆ ಬಿರುಕು ಬೀಳದಿದ್ದುದರಲ್ಲಿ ಆ ನೆಲದ ಪಾಲೂ ಇದೆ. ತುಂಬಿಸಿದ ಗದ್ದೆಯಲ್ಲಿ ಅದೇ ಮನೆಯನ್ನು ಅದೇ ಪಾಯ ಹಾಕಿ ಕಟ್ಟಿಸಿ ನೋಡಿ, ಆಮೇಲೆ ನನಗೆ ಬರೆಯಿರಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜನ ಸತ್ತಾಗ ಕರಾವಳಿಯೆಲ್ಲ ಕೆಲವು ದಿನ ಭೂವಿಜ್ಞಾನದ ಮಾತನ್ನೇ ಆಡಿತು. ಮಳೆ ನಿಂತಿತು, ಮಾತೂ ನಿಂತಿತು. ಗುಡ್ಡವನ್ನು ನೆಟ್ಟಗೆ ಕಡಿಯುವ ಜೆಸಿಬಿ ಮಾತ್ರ ನಿಲ್ಲಲಿಲ್ಲ.

ಜಲವಿಜ್ಞಾನದ ಮೊದಲ ಪಾಠಗಳಲ್ಲಿಯೇ ಒಂದು ಸರಳ ಲೆಕ್ಕ ಬರುತ್ತದೆ: ಮಳೆಯ ಬಿರುಸು, ಜಾಗದ ವಿಸ್ತೀರ್ಣ, ಆ ಜಾಗ ಎಷ್ಟು ಪಾಲು ನೀರನ್ನು ಹೊರಗೆ ಬಿಡುತ್ತದೆ ಎಂಬ ಅಂಶ, ಈ ಮೂರನ್ನು ಗುಣಿಸಿದರೆ ಚರಂಡಿಗೆ ಬರುವ ನೀರಿನ ಪ್ರಮಾಣ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಿನಲ್ಲಿ ಬೈಲಿಗೆ ಮಣ್ಣು ತುಂಬಿಸಿ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ಚರಂಡಿಯನ್ನು ಮಾತ್ರ ಅಜ್ಜನ ಕಾಲದ ಅಳತೆಯಲ್ಲಿಯೇ ಉಳಿಸಿಕೊಂಡರೆ ಏನಾಗುತ್ತದೆ ಎಂಬುದನ್ನು 2018ರ ಮೇ 29ರ ನೆರೆಯಲ್ಲಿ ಮಂಗಳೂರು ಕಂಡಿದೆ. ಇಷ್ಟು ಮಳೆ ಸುರಿದ ಮೇಲೂ ಏಪ್ರಿಲ್, ಮೇ ಬಂತೆಂದರೆ ಮಂಗಳೂರಿನವರು ತುಂಬೆಯ ಅಣೆಕಟ್ಟಿನ ಮಟ್ಟವನ್ನೂ ಉಡುಪಿಯವರು ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನೂ ನೋಡುತ್ತ ಕೂರಬೇಕು. ಐದು ಸೆಂಟ್ಸ್ ಜಾಗದಲ್ಲಿ ಬಾವಿಯನ್ನೂ ಶೌಚದ ಗುಂಡಿಯನ್ನೂ ಎಷ್ಟು ದೂರದಲ್ಲಿ ತೋಡಬೇಕು, ತೂತು ತೂತಾದ ಮುರಕಲ್ಲಿನೊಳಗೆ ಕೊಳಕು ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದೂ ಇದೇ ಓದಿನ ಭಾಗ.

ವಿಶ್ವೇಶ್ವರಯ್ಯನವರ ಪಟಕ್ಕೆ ಪ್ರತಿ ಸೆಪ್ಟೆಂಬರ್ 15ರಂದು ಹಾರ ಹಾಕುತ್ತೇವೆ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ, ನೀರು ಏರಿದಾಗ ತಾನಾಗಿಯೇ ತೆರೆದುಕೊಳ್ಳುವ ಗೇಟುಗಳನ್ನು ಅಳವಡಿಸಿದ ವ್ಯಕ್ತಿ ಅವರು. ಅವರ ಊರಿನ ಸೀಮೆಯವರೆಂದು ಹೆಮ್ಮೆ ಪಡುವ ನಮ್ಮ ರಾಜ್ಯದಲ್ಲಿ ಇಂದು ಸಿವಿಲ್ ಸೀಟುಗಳು ಖಾಲಿ ಉಳಿಯುತ್ತವೆ. ಜೂನ್ ಬಂದರೆ ನಮ್ಮ ಕಚೇರಿಗೆ ರಸ್ತೆ ಗುಂಡಿಗಳ ಬಗ್ಗೆ ಪತ್ರಗಳ ರಾಶಿ ಬೀಳುತ್ತದೆ. ಜನವರಿಯಲ್ಲಿ ಡಾಮರು ಹಾಕುವಾಗ ಬದಿಯ ಚರಂಡಿ ಎಲ್ಲಿ ಎಂದು ಕೇಳಿ ಬರೆದ ಒಂದು ಪತ್ರವೂ ನನ್ನ ಮೇಜಿಗೆ ಬಂದಿಲ್ಲ. ಕೇಳಬಲ್ಲ ಹುಡುಗರನ್ನೆಲ್ಲ ನಾವು ಬೆಂಗಳೂರಿನ ಎಸಿ ಕೋಣೆಗಳಿಗೆ ಕಳುಹಿಸಿ ಕೂತಿದ್ದೇವೆ.

ನೀವು ಪಠ್ಯಕ್ರಮ ತರಿಸಿ ಓದಿದ್ದೀರಿ, ಅಷ್ಟು ಮಾಡುವ ತಂದೆತಾಯಿ ಕಡಿಮೆ. ಆದ್ದರಿಂದ ಇನ್ನೊಂದು ಕೆಲಸ ಮಾಡಿ. ಸಿಇಟಿ ಸೀಟಿಗೆ ಬೇಕಾದ ಕಾಲೇಜುಗಳ ಆಪ್ಶನ್ ತುಂಬುವ ಮೊದಲು ಮಗಳನ್ನು ಕರೆದುಕೊಂಡು ಎರಡು ಮೂರು ಕಾಲೇಜುಗಳಿಗೆ ಹೋಗಿ. ಸುರತ್ಕಲ್ಲಿನದು 1960ರದು, ಮಣಿಪಾಲದ್ದು ಅದಕ್ಕೂ ಮೂರು ವರ್ಷ ಹಳೆಯದು. ಹೊಸ ಕಾಲೇಜುಗಳೂ ಬೇಕಾದಷ್ಟಿವೆ. ಕಟ್ಟಡದ ಅಂದವನ್ನೂ ಪ್ಲೇಸ್‌ಮೆಂಟಿನ ಫ್ಲೆಕ್ಸನ್ನೂ ಆಮೇಲೆ ನೋಡಿದರಾಯಿತು. ಮಣ್ಣಿನ ಪ್ರಯೋಗಾಲಯ ಎಲ್ಲಿದೆ, ಅಲ್ಲಿನ ಯಂತ್ರಗಳನ್ನು ವಿದ್ಯಾರ್ಥಿಗಳೇ ಮುಟ್ಟುತ್ತಾರೋ ಅಥವಾ ಸಹಾಯಕರು ಮಾಡಿದ್ದನ್ನು ನೋಡಿ ರೆಕಾರ್ಡ್ ಬರೆಯುತ್ತಾರೋ, ಸರ್ವೆ ಕ್ಯಾಂಪ್ ನಿಜವಾದ ಗುಡ್ಡದಲ್ಲಿ ನಡೆಯುತ್ತದೋ ಕಾಲೇಜಿನ ಮೈದಾನದಲ್ಲಿಯೇ ಮುಗಿಯುತ್ತದೋ ಎಂದು ಕೇಳಿ. ಕೇಳುವ ಕೆಲಸವನ್ನು ಮಗಳಿಗೇ ಬಿಟ್ಟರೆ ಇನ್ನೂ ಒಳ್ಳೆಯದು.