ಅಡುಗೆ ಪ್ರಶ್ನೋತ್ತರ: ಹೋಲ್ ವ್ಹೀಟ್ ಪಾಸ್ತಾ ಒಡೆದು ಹೋಗುವುದೇಕೆ?

ಪ್ರಶ್ನೆ: ಮಕ್ಕಳಿಗೆ ಮೈದಾ ಬೇಡವೆಂದು ಹೋಲ್ ವ್ಹೀಟ್ ಪೆನ್ನೆ (ಕೊಳವೆಯಾಕಾರದ ಪಾಸ್ತಾ) ತಂದೆ. ಬೇಯಿಸಿದರೆ ಮೇಲೆ ಮೆತ್ತಗೆ, ಒಳಗೆ ಗಟ್ಟಿ. ತರಕಾರಿ ಹಾಕಿ ಕಲಸಿದರೆ ತಳದಲ್ಲಿ ನೀರು ನಿಲ್ಲುತ್ತದೆ. ಇಟಲಿಯವರು ಇದನ್ನು ಹೇಗೆ ಮಾಡುತ್ತಾರೆ?
– ಓದುಗರು, ಮೈಸೂರು

ಉತ್ತರ: ಮೊದಲು ಪ್ಯಾಕೆಟ್ಟಿನ ಹಿಂಬದಿ ಓದಿ. ‘ಡ್ಯೂರಂ’ ಗೋಧಿ, ಅಂದರೆ ಗಟ್ಟಿ ಕಾಳಿನ ಗೋಧಿ, ಎಂದಿರಲೇಬೇಕು. ಇಟಲಿಯಲ್ಲಿ ತಯಾರಾಗಿ ಅಲ್ಲೇ ಮಾರಾಟವಾಗುವ ಒಣ ಪಾಸ್ತಾಕ್ಕೆ ಡ್ಯೂರಂ ಗೋಧಿಯೇ ಆಗಬೇಕೆಂದು 1967ರಲ್ಲೇ ಕಾನೂನು ಬಂತು. ಅಲ್ಲಿನ ಬಿಳಿ ಪಾಸ್ತಾ ಕೂಡ ಮೈದಾ ಅಲ್ಲ, ಡ್ಯೂರಂ ರವೆಯದು. ಹೋಲ್ ವ್ಹೀಟ್ ಪಾಸ್ತಾದಲ್ಲಿ ತೌಡಿನ ಚೂರುಗಳು ಗ್ಲುಟೆನ್ನಿನ (ಹಿಟ್ಟನ್ನು ಹಿಡಿದಿಡುವ ಗೋಧಿಯ ಪ್ರೋಟೀನಿನ) ಹಿಡಿತವನ್ನು ಅಲ್ಲಲ್ಲಿ ಸಡಿಲಿಸುತ್ತವೆ. ಹಾಗಾಗಿ ಕುದಿ ಬರದ ನೀರಿಗೆ ಹಾಕಿದರೆ, ನೀರು ಕಡಿಮೆಯಾದರೆ ಮೇಲ್ಮೈ ಬೇಗ ಕರಗಿ ಅಂಟಾಗುತ್ತದೆ. ಕುಕ್ಕರಿನ ಸಹವಾಸವೇ ಬೇಡ.

ಈ ಪಾಸ್ತಾಕ್ಕೆ ಸಪ್ಪೆ ತರಕಾರಿ ಒಗ್ಗುವುದಿಲ್ಲ. ದಕ್ಷಿಣ ಇಟಲಿಯ ಪುಲಿಯಾದಲ್ಲಿ ‘ಚೀಮೆ ದಿ ರಾಪಾ’ ಎಂಬ ಸ್ವಲ್ಪ ಕಹಿಯಾದ ಸೊಪ್ಪನ್ನು ಪಾಸ್ತಾದ ಜತೆ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ನಮ್ಮಲ್ಲಿ ಸಿಗುವ ಬ್ರೊಕೊಲಿ ಅದಕ್ಕೆ ಒಳ್ಳೆಯ ಬದಲಿ.

ಇಬ್ಬರಿಗೆ 160 ಗ್ರಾಂ ಪೆನ್ನೆ, 300 ಗ್ರಾಂ ಬ್ರೊಕೊಲಿ, 3 ಎಸಳು ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ, 3 ಚಮಚ ಆಲಿವ್ ಎಣ್ಣೆ ಸಾಕು. ನೀರು 2 ಲೀಟರ್. ಉಪ್ಪು ಲೀಟರಿಗೆ 10 ಗ್ರಾಂ ಎಂಬುದು ಇಟಲಿಯ ಲೆಕ್ಕ. ಬಿಪಿ ಇರುವ ಮನೆಯಲ್ಲಿ ಅದರ ಅರ್ಧ ಹಾಕಿ. ನೀರು ಭರ್ರನೆ ಕುದಿಯುವಾಗ ಪಾಸ್ತಾ ಹಾಕಿ, ಮೊದಲ ಒಂದು ನಿಮಿಷ ಕೈಯಾಡಿಸಿ. ಪ್ಯಾಕೆಟ್ಟಿನಲ್ಲಿ 11 ನಿಮಿಷ ಎಂದಿದ್ದರೆ 4ನೇ ನಿಮಿಷಕ್ಕೆ ಬ್ರೊಕೊಲಿ ಸೇರಿಸಿ. ಅದರ ದಂಟನ್ನು ಎಸೆಯಬೇಡಿ. ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿದರೆ ಅದೇ ಹೆಚ್ಚು ಸಿಹಿ.

ಅಷ್ಟರಲ್ಲಿ ಬಾಣಲೆಯ ತಣ್ಣನೆ ಎಣ್ಣೆಗೇ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಸಣ್ಣ ಉರಿಯಲ್ಲಿಡಿ. ಬೆಳ್ಳುಳ್ಳಿಯ ಅಂಚು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಒಂದು ಸೌಟು ಪಾಸ್ತಾ ನೀರು ಸುರಿಯಿರಿ. ಸೀದರೆ ತೌಡಿನ ಕಹಿಗೆ ಬೆಳ್ಳುಳ್ಳಿಯ ಕಹಿಯೂ ಕೂಡಿ ಇಡೀ ಅಡುಗೆ ಕೆಡುತ್ತದೆ.

9ನೇ ನಿಮಿಷಕ್ಕೆ ಒಂದು ಪೆನ್ನೆ ಕತ್ತರಿಸಿ ನೋಡಿ. ನಡುವೆ ಎಳೆಯಷ್ಟು ಮಾಸಲು ಬಿಳಿ ಕಾಣಬೇಕು. ಒಂದು ಲೋಟ ನೀರು ತೆಗೆದಿಟ್ಟು ಬಸಿಯಿರಿ, ತಣ್ಣೀರಿನಲ್ಲಿ ತೊಳೆಯಲೇಬೇಡಿ. ಬಾಣಲೆಗೆ ಹಾಕಿ, ಆ ನೀರನ್ನು ಸ್ವಲ್ಪಸ್ವಲ್ಪ ಚಿಮುಕಿಸುತ್ತ ದೊಡ್ಡ ಉರಿಯಲ್ಲಿ ಎರಡು ನಿಮಿಷ ತಿರುವಿ. ಗಂಜಿಯೂ ಎಣ್ಣೆಯೂ ಬೆರೆತು ಹೊಳೆಯುವ ತೆಳು ಲೇಪವಾಗುತ್ತದೆ, ತುಸು ನುಣ್ಣಗಾದ ಬ್ರೊಕೊಲಿ ಅದಕ್ಕೆ ಹಿಡಿದುಕೊಳ್ಳುತ್ತದೆ. ತಳದಲ್ಲಿ ನೀರು ನಿಲ್ಲುವುದು ಈ ಎರಡು ನಿಮಿಷ ಬಿಟ್ಟವರಿಗೆ. ಬೇಯಿಸುವ ನೀರಿಗೆ ಎಣ್ಣೆ ಹಾಕುವ ರೂಢಿಯಿಂದ ಏನೂ ಲಾಭವಿಲ್ಲ.

ಪ್ರಶ್ನೆ: ಸಕ್ಕರೆ ಕಾಯಿಲೆ ಇರುವವರು ಇದನ್ನು ಹೊಟ್ಟೆತುಂಬ ತಿನ್ನಬಹುದೇ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ. ನಾರು ಹೆಚ್ಚು ನಿಜ, ಆದರೆ ಪಿಷ್ಟವೂ ಧಾರಾಳವಾಗಿದೆ. ಒಬ್ಬರಿಗೆ ಒಣ ತೂಕದಲ್ಲಿ 80 ಗ್ರಾಂ ಎಂಬುದು ಇಟಲಿಯ ಸಾಮಾನ್ಯ ಅಳತೆ. ಅದನ್ನು 50–60 ಗ್ರಾಮಿಗೆ ಇಳಿಸಿ ತರಕಾರಿ ಹೆಚ್ಚಿಸಿ. ಹದ ಮೀರಿ ಬೆಂದ ಪಾಸ್ತಾ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಮಾಣವನ್ನು ವೈದ್ಯರಲ್ಲೇ ಕೇಳಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮೇಲೆ ಚೀಸ್ ತುರಿಯಬಹುದೇ?
– ಓದುಗರು, ಉಡುಪಿ

ಉತ್ತರ: ಅಸಲಿ ಪಾರ್ಮಿಜಾನೊ ರೆಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಪೆಕೊರಿನೊ ರೊಮಾನೊಗೆ ಕುರಿಮರಿಯದು. ಹಸಿರು ಗುರುತಿರುವ ಗಟ್ಟಿ ಚೀಸ್ ಸಿಕ್ಕರೆ ಬಳಸಿ. ಅದಕ್ಕಿಂತ ರುಚಿ, ದಕ್ಷಿಣ ಇಟಲಿಯಲ್ಲಿ ಮಾಡುವಂತೆ ಹಳೆಯ ಬ್ರೆಡ್ಡನ್ನು ಪುಡಿ ಮಾಡಿ, ಎರಡು ಚಮಚ ಪುಡಿಗೆ ಒಂದು ಚಮಚ ಆಲಿವ್ ಎಣ್ಣೆ ಹಾಕಿ ಗರಿಗರಿಯಾಗಿ ಹುರಿಯುವುದು. ತಟ್ಟೆಗೆ ಬಡಿಸಿದ ಮೇಲೆಯೇ ಉದುರಿಸಿ, ಬಾಣಲೆಯಲ್ಲಿ ಬೆರೆಸಿದರೆ ಮೆತ್ತಗಾಗುತ್ತದೆ.