ಕರೆಯ ಹಿಂದಿದ್ದ ಹಾಜರಿ ಪಟ್ಟಿ

ದೇವರ ಕರೆ ಬಂದಿದೆ, ಆದ್ದರಿಂದ ಕೆಲಸ ಬಿಡುತ್ತೇನೆ ಎನ್ನುವವರನ್ನು ಚಿಕ್ಕಮಗಳೂರಿನ ನನ್ನ ಆಪ್ತಸಲಹಾ ಕೊಠಡಿಯಲ್ಲಿ ಹಲವು ಬಾರಿ ಕಂಡಿದ್ದೇನೆ. ಅವರಲ್ಲೊಬ್ಬರ ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಬಿ.ಕಾಂ. ಓದಿದ ಅವರು ಕಾಫಿ ತೋಟಗಳ ಲೆಕ್ಕಪತ್ರ ನೋಡುವ ಕಚೇರಿಯಲ್ಲಿ ಹತ್ತು ವರ್ಷ ದುಡಿದಿದ್ದರು. ಮನೆಯಲ್ಲಿ ಪತ್ನಿ, ಇಬ್ಬರು ಮಕ್ಕಳು, ತೀರದ ಗೃಹಸಾಲ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ ಹೇಳುತ್ತಿದ್ದರು. ತಿಂಗಳೊಳಗೆ ರಾಜೀನಾಮೆ ಕೊಟ್ಟು ಮೇಷ್ಟ್ರಾಗುವುದು ಅವರ ನಿರ್ಧಾರವಾಗಿತ್ತು. "ಮತ್ತಾಯ ಸುಂಕದ ಕಟ್ಟೆಯಿಂದ ಎದ್ದು ಯೇಸುವಿನ ಹಿಂದೆ ಹೊರಟ. ನಾಳೆ ಊಟಕ್ಕೇನು ಅಂತ ಕೇಳಲಿಲ್ಲ ಮೇಡಂ" ಎಂದಿದ್ದರು.

ಮೂರನೆಯ ಭೇಟಿಯಲ್ಲಿ ನಾನು ನಂಬಿಕೆಯ ಮಾತನ್ನೂ ಸಂಬಳದ ಮಾತನ್ನೂ ಬದಿಗಿಟ್ಟು, ಹಿಂದಿನ ಭಾನುವಾರ ಮಕ್ಕಳಿಗೆ ಏನು ಪಾಠ ಹೇಳಿದಿರಿ ಎಂದಷ್ಟೇ ಕೇಳಿದೆ. ಬೈಬಲಿನಲ್ಲಿ ಬರುವ ಸುಂಕದವನು ಜಕ್ಕಾಯನ ಕಥೆ ಎಂದರು. ಗಿಡ್ಡ ಮನುಷ್ಯ ಯೇಸುವನ್ನು ನೋಡಲು ಮರ ಹತ್ತಿದ್ದನ್ನು ಕೈಯಾಡಿಸಿ ತೋರಿಸುವಾಗ ಅವರ ಮುಖ ಅರಳಿತ್ತು; ಒಳ್ಳೆಯ ಮೇಷ್ಟ್ರಾಗುವರೆಂಬ ಬಗ್ಗೆ ನನಗೆ ಆಗಲೇ ಸಂಶಯ ಉಳಿಯಲಿಲ್ಲ. ಯಾರಿಂದಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದು ಜಕ್ಕಾಯ ಹೇಳುವ ಜಾಗಕ್ಕೆ ಬಂದಾಗ ಮಾತು ನಿಂತಿತು. ಬಹಳ ಹೊತ್ತಾದ ಮೇಲೆ, "ಹಾಜರಿ ಪುಸ್ತಕದಲ್ಲಿ ಇದ್ದ ದಿನಗಳನ್ನ ಪಟ್ಟಿಗೆ ಏರಿಸುವಾಗ ಕಡಿಮೆ ಮಾಡಿ ಬರೆದಿದ್ದೀನಿ ಮೇಡಂ, ಪಿ.ಎಫ್. ಕಂತು ಇಳಿಯಲಿ ಅಂತ ಕಚೇರಿಯಲ್ಲಿ ಹೇಳಿದ್ರು. ಕೊಯ್ಲಿನ ಹೆಂಗಸರದ್ದು. ಅವರ ಮಕ್ಕಳೇ ನನ್ನ ಮುಂದೆ ಕೂತಿರ್ತಾರೆ" ಎಂದರು.

ಮತ್ತಾಯನೂ ಸುಂಕದವನು, ಜಕ್ಕಾಯನೂ ಸುಂಕದವನು. ಒಬ್ಬನು ಎದ್ದು ಹೋದನು. ಇನ್ನೊಬ್ಬನು ಕೆಲಸ ಬಿಟ್ಟನೆಂದು ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಎಲ್ಲಿಯೂ ಹೇಳಿಲ್ಲ. ನಾನು ಅವರ ಧರ್ಮದವಳಲ್ಲವಾದ್ದರಿಂದ ಇದನ್ನು ಉಪದೇಶವಾಗಿ ಹೇಳದೆ, ನಿಮಗೆ ಈಗ ಬಂದಿರುವುದು ಇವರಿಬ್ಬರಲ್ಲಿ ಯಾರಿಗೆ ಬಂದಂಥ ಕರೆ ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು: ಇನ್ನು ಮುಂದೆ ಅಂಥ ಪಟ್ಟಿ ಬರೆಯುವುದಿಲ್ಲವೆಂದು ಕಚೇರಿಗೆ ತಿಳಿಸಿ, ಬಾಕಿ ಕಂತನ್ನು ಬಡ್ಡಿಸಹಿತ ಕಟ್ಟಲು ಕಾನೂನಿನಲ್ಲಿ ದಾರಿಯಿರುವುದರಿಂದ ವಕೀಲರೊಬ್ಬರನ್ನು ಕಂಡು ಅದಕ್ಕೆ ಪ್ರಯತ್ನಿಸಿ, ಆ ಬಳಿಕ ಬೋಧನೆಗೆ ಸಿದ್ಧರಾಗಿ. ಪದವಿಪೂರ್ವ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸಲು ಎಂ.ಕಾಂ. ಜೊತೆಗೆ ಬಿ.ಎಡ್. ಬೇಕು, 2015ರಿಂದ ಬಿ.ಎಡ್. ಎರಡು ವರ್ಷದ್ದು. ಎಂ.ಕಾಂ. ಅನ್ನು ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ದುಡಿಯುತ್ತಲೇ ಮುಗಿಸಬಹುದು.

ಕರೆಯನ್ನು ತಡೆದೆನೆಂದು ಅವರ ಚರ್ಚಿನ ಹಿರಿಯರೊಬ್ಬರು ನನ್ನನ್ನು ಆಕ್ಷೇಪಿಸಿದರು. ಆ ಕರೆ ನಿಜವೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಆಪ್ತಸಲಹೆಗಾರರಿಗಿಲ್ಲ, ನಾನದನ್ನು ತೀರ್ಮಾನಿಸಲೂ ಇಲ್ಲ. ಆದರೆ ಪಶ್ಚಾತ್ತಾಪವನ್ನು ಹೊತ್ತುಕೊಂಡೇ ತರಗತಿಗೆ ಹೋದವರು ಮಕ್ಕಳ ಮುಖ ನೋಡಲಾರದೆ ಅಲ್ಲಿಂದಲೂ ಓಡಿಹೋಗಲು ನೋಡುತ್ತಾರೆಂಬುದನ್ನು ಬೇರೆ ಪ್ರಕರಣಗಳಲ್ಲಿ ಕಂಡು ನೊಂದಿದ್ದೇನೆ. ಅದಕ್ಕಾಗಿಯೇ ಆ ಕ್ರಮದಲ್ಲಿ ಹೇಳಿದೆ.

ಮುಂದಿನ ಭೇಟಿಗೆ ಅವರು ಹದಿನಾಲ್ಕು ಹೆಂಗಸರ ಹೆಸರು ಮತ್ತು ಕಡಿತವಾದ ದಿನಗಳನ್ನು ಬರೆದ ಹಾಳೆಯನ್ನು ತಂದಿದ್ದರು. ಅದನ್ನು ಕಚೇರಿಯ ಹಿರಿಯರ ಮುಂದಿಡಲು ಧೈರ್ಯ ಸಾಲುತ್ತಿಲ್ಲವೆಂದರು; ಆ ಮಾತನ್ನು ಹೇಗೆ ಆರಂಭಿಸಬೇಕೆಂಬುದನ್ನೇ ಅಂದು ಇಬ್ಬರೂ ಕುಳಿತು ಅಭ್ಯಾಸ ಮಾಡಿದೆವು.